ಒಂದು ಫರ್ಲಾಂಗು ದೂರದ ಎದೆಬಡಿತ

ಸಂಶೋಧನೆಗೆ ಗ್ರ್ಯಾಂಟು ಮಂಜೂರಾದ ಕಾಗದದಲ್ಲಿ ನನ್ನ ಕೆಲಸವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದರು: ಮೈಮೇಲೆ ಧರಿಸಬಹುದಾದ, ತಂತಿಯಿಲ್ಲದೆ ಹೃದಯದ ಬಡಿತವನ್ನು ದೂರಕ್ಕೆ ಕಳಿಸಬಲ್ಲ ಉಪಕರಣವೊಂದನ್ನು ತಯಾರಿಸಿ, ಗ್ರಾಮೀಣ ಪ್ರದೇಶದಲ್ಲಿ ಪರೀಕ್ಷಿಸಿ ನೋಡುವುದು. ಓದಲಿಕ್ಕೆ ಚಂದ. ಅದನ್ನು ಬರೆದವರು ಯಾರೂ ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಟರಿ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಇದು ಬಾಂಬಲ್ಲ ಎಂದು ಕಂಡಕ್ಟರನಿಗೆ ಆಣೆ ಮಾಡಿ ಹೇಳಿದವರಲ್ಲ.

ಅರವತ್ತರ ದಶಕದ ನಡುವಿನ ವರ್ಷಗಳವು. ಟ್ರಾನ್ಸಿಸ್ಟರು ಎಂದರೆ ಜನರಿಗೆ ಮದುವೆಯಲ್ಲಿ ಅಳಿಯನಿಗೆ ಕೊಡುವ ರೇಡಿಯೊ. ನನಗೆ ಅದು ಕಡಲೆಕಾಳಿನಷ್ಟು ಸಣ್ಣ, ಮೂರು ಕಾಲಿನ ತುಣುಕು. ಒಂದು ಸುಟ್ಟರೆ ಇನ್ನೊಂದು ಪರದೇಶದಿಂದ ಬರುವತನಕ ತಿಂಗಳುಗಟ್ಟಲೆ ಕೈಕಟ್ಟಿ ಕೂರಬೇಕು. ಬೆಂಗಳೂರಿನ ಪ್ರಯೋಗಾಲಯದಲ್ಲಿ ನನ್ನ ಪ್ರೊಫೆಸರರ ಕೈಕೆಳಗೆ ಅಂಥ ತುಣುಕುಗಳನ್ನು ಜೋಡಿಸಿ ಸಾಬೂನಿನ ಡಬ್ಬಿಯಷ್ಟು ದೊಡ್ಡ ಒಂದು ಉಪಕರಣ ಮಾಡಿದ್ದೆ. ಅದನ್ನು ಕ್ಯಾನ್ವಾಸಿನ ಪಟ್ಟಿಗೆ ಹೊಲಿದು ಎದೆಗೆ ಕಟ್ಟುವುದು. ಪಟ್ಟಿಯ ಒಳಮೈಗೆ ಬೆಳ್ಳಿಯ ಎರಡು ಬಿಲ್ಲೆಗಳು. ಉಪ್ಪು ಬೆರೆಸಿದ ಗಂಜಿ ಸವರಿ ಅವು ಚರ್ಮಕ್ಕೆ ಅಂಟುವಂತೆ ಬಿಗಿಯಬೇಕು. ಹೃದಯ ಒಮ್ಮೆ ಬಡಿದರೆ ಡಬ್ಬಿ ಒಮ್ಮೆ ಮಿಡಿಯುತ್ತದೆ. ಒಂದು ಫರ್ಲಾಂಗಿನೊಳಗೆ, ಅಂದರೆ ಸುಮಾರು ಇನ್ನೂರು ಗಜದೊಳಗೆ, ನಾನು ಎಲ್ಲಿ ಕೂತರೂ ನನ್ನ ಹೆಡ್‌ಫೋನಿನಲ್ಲಿ ಟಕ್ ಎನ್ನುತ್ತದೆ. ಜೊತೆಗೆ ಕೀಲಿ ಕೊಟ್ಟರೆ ತಿರುಗುವ ಒಂದು ಉರುಳೆ. ಅದಕ್ಕೆ ಕಾಗದ ಸುತ್ತಿ, ಚಿಮಣಿ ದೀಪದ ಹೊಗೆಗೆ ಹಿಡಿದು ಮಸಿ ಹಿಡಿಸಬೇಕು. ಪ್ರತಿ ಬಡಿತಕ್ಕೂ ಒಂದು ಸೂಜಿ ಆ ಮಸಿಯ ಮೇಲೆ ಬಿಳಿ ಗೀರು ಎಳೆಯುತ್ತದೆ. ಆಮೇಲೆ ಕಾಗದವನ್ನು ಅರಗಿನ ವಾರ್ನಿಷಿನಲ್ಲಿ ಅದ್ದಿ ಒಣಗಿಸಿದರೆ ಗೀರುಗಳು ಅಳಿಸುವುದಿಲ್ಲ.

ಇಷ್ಟೆಲ್ಲ ಯಾಕೆಂದರೆ, ಕೆಲವರ ಹೃದಯ ಡಾಕ್ಟರರ ಮೇಜಿನ ಮೇಲೆ ಸಾಧುವಾಗಿರುತ್ತದೆ. ಕೆಲಸಕ್ಕೆ ಇಳಿದಾಗ ಮಾತ್ರ ತಪ್ಪು ಹೆಜ್ಜೆ ಹಾಕುತ್ತದೆ. ಅಂಥ ತಪ್ಪನ್ನು ಒಂದು ಸಲವಾದರೂ ಕಾಗದದ ಮೇಲೆ ಹಿಡಿದು ತೋರಿಸಬೇಕು. ತೋರಿಸಿದರೆ ಗ್ರ್ಯಾಂಟು ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಗಿಯುತ್ತದೆ.

ನನ್ನ ಊರು ಸವಣೂರು. ಪಾಠಶಾಲೆಯ ಪಂಡಿತರ ಮನೆತನ. ನನ್ನ ಅಜ್ಜ ನ್ಯಾಯಶಾಸ್ತ್ರದ ಪೂರ್ವಪಕ್ಷಗಳಲ್ಲಿ ಜೀವ ತೇಯ್ದವರು. ನಾನು ಬೆಸುಗೆ ಹಾಕುವ ಕಬ್ಬಿಣದಲ್ಲಿ ಬೆರಳು ಸುಟ್ಟುಕೊಂಡೆ. ಈ ಸೀಮೆಯ ಮಾತು ಬರುತ್ತದೆಂದು ಪ್ರೊಫೆಸರರು ನನ್ನನ್ನು ಇಲ್ಲಿಗೆ ಕಳಿಸಿದರು. ಮಾತೇನೋ ಬರುತ್ತಿತ್ತು, ಆಡಲಿಕ್ಕೆ ಜನ ಇರಲಿಲ್ಲ. ಅಪ್ಪ, ಅವ್ವ ಹೋಗಿ ವರ್ಷಗಳಾಗಿದ್ದವು. ಅಣ್ಣ ಪುಣೆ ಸೇರಿದ್ದ. ಮದುವೆಯ ಮಾತು ಒಂದೆರಡು ಕಡೆ ಬಂದು, ಇವನು ಊರೂರು ತಿರುಗುವ ಮನುಷ್ಯ ಎಂದು ಹಾಗೆಯೇ ಹಿಂದೆ ಸರಿದಿತ್ತು. ಹಾನಗಲ್ಲಿನಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಸುತ್ತಲಿನ ನಾಲ್ಕು ತಾಲೂಕುಗಳಿಗೆ ಬಸ್ಸು, ಎತ್ತಿನ ಗಾಡಿ, ಸೈಕಲ್ಲು ಯಾವುದು ಸಿಕ್ಕರೆ ಅದರಲ್ಲಿ ಓಡಾಡಿದೆ.

ಕೆಲಸದ ಸ್ವಭಾವವೇ ಒಂಟಿತನದ್ದು. ಪಟ್ಟಿ ಕಟ್ಟಿಸಿಕೊಂಡವರು ಹೊಲದಲ್ಲಿ ನಾಲ್ಕು ಮಂದಿಯ ಜೊತೆ ನಗುತ್ತ ಕಳೆ ಕೀಳುತ್ತಾರೆ. ನಾನು ದೂರದ ಬದುವಿನ ಮೇಲೆ ಕಿವಿ ಮುಚ್ಚಿಕೊಂಡು ಕೂರುತ್ತೇನೆ. ಅವರ ನಗು ನನಗೆ ಕೇಳುವುದಿಲ್ಲ, ನಕ್ಕಾಗ ಎದೆ ಜೋರಾದದ್ದು ಮಾತ್ರ ಕೇಳುತ್ತದೆ. ಸಂಜೆ ಖೋಲಿಗೆ ಬಂದು ಅನ್ನಕ್ಕಿಟ್ಟರೆ ಆ ಟಕ್ ಟಕ್ ಇನ್ನೂ ಕಿವಿಯಲ್ಲಿ ಇರುತ್ತಿತ್ತು. ಪರರ ಹೃದಯಗಳನ್ನು ಇಷ್ಟು ಚೆನ್ನಾಗಿ ಬಲ್ಲ ನನ್ನನ್ನು ಆ ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನನ್ನ ಹೆಸರು 'ರೇಡಿಯೊ ಸಾಹೇಬ'.

ಪರೀಕ್ಷೆಗೆ ಒಪ್ಪಿದ್ದ ರೋಗಿಗಳು ಒಬ್ಬೊಬ್ಬರೇ ಪಟ್ಟಿ ಬಿಚ್ಚಿ ಕೊಟ್ಟರು. ಹಿರೇಕೆರೂರಿನ ಒಬ್ಬರಿಗೆ ಉಪ್ಪಿನ ಗಂಜಿಯಿಂದ ಎದೆಯ ಮೇಲೆ ಗುಳ್ಳೆ ಎದ್ದವು. ಸವಣೂರಿನಲ್ಲಿ ಎಲೆತೋಟದ ಮಾಲಕರೊಬ್ಬರು ಮೂರು ದಿನ ಸುಮ್ಮನೆ ಕೂತು, ತಮ್ಮ ಎದೆ ಸರಿಯಿದೆಯೆಂದು ಸರ್ಟಿಫಿಕೇಟು ಕೇಳಿದರು. ದುಂಡಸಿಯ ರೈತನೊಬ್ಬ ಬೆವರಿದ ತಕ್ಷಣ ಬಿಲ್ಲೆ ಜಾರಿ, ಸೂಜಿ ಹುಚ್ಚು ಹಿಡಿದಂತೆ ಗೀಚಿತು. ಅವನ ತಪ್ಪಲ್ಲ, ಬೆವರದ ರೈತನನ್ನು ಹುಡುಕುವ ಯೋಜನೆ ನಮ್ಮದಾಗಿತ್ತು. ಬಿಲ್ಲೆಯ ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ಕೂಡಿಸಿದ ಮೇಲೆ ಆ ತೊಂದರೆ ಹೋಯಿತು, ಅಷ್ಟರಲ್ಲಿ ರೈತನೂ ಪಟ್ಟಿ ಬಿಚ್ಚಿಟ್ಟು ಹೋಗಿದ್ದ. 'ದೀಪಾವಳಿಯೊಳಗೆ ಒಂದಾದರೂ ನಿಜವಾದ ಘಟನೆ ಹಿಡಿಯದಿದ್ದರೆ ಗ್ರ್ಯಾಂಟು ಸಮಿತಿಯ ಮುಂದೆ ನನಗೆ ಬಾಯಿಲ್ಲ' ಎಂದು ಪ್ರೊಫೆಸರರು ಬರೆದರು.

ಉಳಿದವರು ಒಬ್ಬರೇ, ಹಾನಗಲ್ಲಿನ ಕೋರ್ಟಿನ ಪಟ್ಟೇವಾಲಾ. ಐವತ್ತು ದಾಟಿದ ಗಟ್ಟಿ ಆಳು. ಬಿಳಿಯ ಮುಚ್ಚುಕೊರಳಿನ ಕೋಟು, ಅದರ ಮೇಲೆ ಅಡ್ಡಲಾಗಿ ಕೆಂಪು ಪಟ್ಟಾ, ಪಟ್ಟಾದ ಮೇಲೆ ಹಿತ್ತಾಳೆಯ ಬಿಲ್ಲೆ. ಕೇಸು ಬಂದಾಗ ಕೋರ್ಟಿನ ಪಡಸಾಲೆಗೆ ಬಂದು ವಾದಿ ಪ್ರತಿವಾದಿಗಳ ಹೆಸರು ಕೂಗುವುದು ಅವರ ಕೆಲಸ. ಆ ಕೂಗು ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರನ್ನೂ ಎಬ್ಬಿಸಿ ತರುತ್ತಿತ್ತಂತೆ. ಹೋದ ವರ್ಷದಿಂದ ಅವರು ಕೂಗುತ್ತ ಕೂಗುತ್ತಲೇ ಕುಸಿದು ಬೀಳತೊಡಗಿದ್ದರು. ಎಚ್ಚರವಾದ ಮೇಲೆ ಏನೂ ಆಗದವರಂತೆ ಎದ್ದು ಕೂರುವುದು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಮಲಗಿಸಿ ಹೃದಯದ ಇಸಿಜಿ ಪಟ ತೆಗೆದರು, ಸ್ವಚ್ಛವಾಗಿತ್ತು. ಹಾಗಾದರೆ ಇದು ಮೂರ್ಛೆರೋಗವೇ ಇರಬೇಕು ಎಂದು ಗುಳಿಗೆ ಬರೆದುಕೊಟ್ಟರು. ಮೂರ್ಛೆರೋಗ ಇದ್ದವರನ್ನು ಸರಕಾರ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಯೋಗ್ಯ ಎಂದೋ ಅಯೋಗ್ಯ ಎಂದೋ ಹಾನಗಲ್ಲಿನ ದವಾಖಾನೆಯ ಡಾಕ್ಟರರು ಕೊನೆಯ ಮಾತು ಬರೆದುಕೊಡಬೇಕಿತ್ತು. ಡಾಕ್ಟರರು ಒಳ್ಳೆಯ ಮನುಷ್ಯ. ಬರೆಯಲಿಕ್ಕೆ ಕೈ ಬಾರದೆ ಅವರನ್ನು ನನ್ನ ಹತ್ತಿರ ಕಳಿಸಿದರು.

"ಗುಳಿಗಿ ತಗೊಂಡ್ರ ದನೀನ ಏಳಂಗಿಲ್ರಿ ಸಾಹೇಬ್ರ," ಎಂದರು ಪಟ್ಟೇವಾಲಾ ಮೊದಲ ದಿನ. "ನಾಲಿಗಿ ಹೊರಳಂಗಿಲ್ಲ. ಹೆಸರ ಕೂಗಲಾರದವ ಕೋರ್ಟಿನ್ಯಾಗ ಯಾಕ ಇರಬೇಕ್ರಿ? ಮನಿಗೆ ಕಳಸಿದ್ರ ಕಳಸ್ಲಿ, ಖರೇ ರೋಗಕ್ಕ ಕಳಸ್ಲಿ. ಇಲ್ಲದ ರೋಗಕ್ಕ ಬ್ಯಾಡ."

ರವಿವಾರ ಮತ್ತು ಸೂಟಿಯ ದಿನಗಳಲ್ಲಿ ಪರೀಕ್ಷೆ ಎಂದು ಗೊತ್ತು ಮಾಡಿಕೊಂಡೆವು. ಅವರು ಧೋತರ, ತೆಳು ಅಂಗಿ ತೊಟ್ಟು ಬರುವರು. ಪಟ್ಟಿ ಕಟ್ಟಿ ಕಳಿಸುವೆ. ಕೆರೆಯ ಏರಿಯ ಮೇಲೆ ನಡೆಯುವರು, ಕಟ್ಟಿಗೆ ಒಡೆಯುವರು, ಒಮ್ಮೆ ನನ್ನ ಮಾತಿಗೆ ಓಡಿಯೂ ನೋಡಿದರು. ನಾನು ದೂರದಲ್ಲಿ ಕೂತು ಕೇಳುವೆ. ಅವರ ಹೃದಯದಂಥ ಹೃದಯವನ್ನು ನಾನು ಆ ನಾಲ್ಕು ತಾಲೂಕುಗಳಲ್ಲಿ ಕೇಳಿರಲಿಲ್ಲ. ಏರು ಹತ್ತಿದರೆ ಚುರುಕಾಗಿ, ನಿಂತರೆ ನಿಧಾನವಾಗಿ, ಹೇಳಿದ ಮಾತು ಕೇಳುವ ಎತ್ತಿನ ಹಾಗೆ ಹೋಗುತ್ತಿತ್ತು. ಮಳೆಗಾಲ ಕಳೆಯುತ್ತ ಬಂತು. ಮಸಿ ಹಿಡಿಸಿದ ಕಾಗದಗಳು ಖೋಲಿಯ ಹಗ್ಗದ ಮೇಲೆ ಬಟ್ಟೆಯಂತೆ ನೇತಾಡುತ್ತಿದ್ದವು, ಎಲ್ಲದರ ಮೇಲೂ ಸಮನಾದ ಬಿಳಿ ಗೀರುಗಳು. ನಿಜ ಹೇಳಬೇಕೆಂದರೆ ನನಗೆ ಆ ಕಾಗದಗಳ ಮೇಲೆ ಸಿಟ್ಟು ಬರುತ್ತಿತ್ತು. ಒಬ್ಬ ಮನುಷ್ಯನ ಎದೆ ತಪ್ಪಲಿ ಎಂದು ಕಾಯುತ್ತಾ ಕೂರುವ ಕೆಲಸ ಎಂಥದು ಎಂದು ನನಗೆ ನಾನೇ ಹೇಸಿದ್ದೂ ಉಂಟು.

ಆ ನಡುವೆ ಕೋರ್ಟಿನಲ್ಲಿ ಅವರು ಮತ್ತೊಮ್ಮೆ ಬಿದ್ದರು. ಎದೆಯ ಮೇಲೆ ಆಗ ಪಟ್ಟಿ ಇರಲಿಲ್ಲ.

ಮರುದಿನ ಮಧ್ಯಾಹ್ನದ ವಿರಾಮದಲ್ಲಿ ಅವರು ಕೋರ್ಟಿನಿಂದ ನೇರವಾಗಿ ನನ್ನ ಖೋಲಿಗೆ ಬಂದರು. ಸಮವಸ್ತ್ರದಲ್ಲಿ ಅವರನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಡಾಕ್ಟರರು ಇನ್ನು ತಡೆಯಲಾರರು, ಈ ತಿಂಗಳ ಕೊನೆಗೆ ಕಾಗದ ಕಳಿಸಲೇಬೇಕಂತೆ ಎಂಬ ಸುದ್ದಿ ತಂದಿದ್ದರು. ನಾನು ಪಟ್ಟಿ ತೆಗೆದು, ಈಗಲೇ ಕಟ್ಟುತ್ತೇನೆ, ಹೀಗೆಯೇ ಕೋರ್ಟಿಗೆ ಹೋಗಿ ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಅದು ಆಗಂಗಿಲ್ರಿ. ಸರಕಾರದ ಪಟ್ಟಾ ಮೈಮ್ಯಾಲೆ ಇದ್ದಾಗ ನಾ ಕೋರ್ಟಿನವ. ನಿಮ್ಮದು ಕಟಗೊಂಡಾಗ ನಾ ರೋಗಿ. ಎರಡೂ ಕೂಡಿ ಹೆಂಗ ಆಗಾಕ ಬರ್ತೈತಿ?"

"ಹಂಗಾರ ಇಲ್ಲೇ ಒಂದ ಸಲ ಕೂಗಿ ತೋರಸ್ರಿ ಯಜಮಾನ್ರ. ಈ ಕೋಟಿನ್ಯಾಗ. ಒಂದ ಹೆಸರು."

"ಯಾರ ಹೆಸರ್ರಿ?"

"ಯಾರದರ ಕೂಗ್ರಿ. ಸುಮ್ಮ ಒಂದ ಹೆಸರು."

ಅವರ ಮುಖ ಬಿಗಿಯಿತು. "ಸುಮ್ಮ ಹೆಸರ ಕೂಗಂಗಿಲ್ರಿ. ಪಟ್ಟಾ ಹಾಕ್ಕೊಂಡು ನಾ ಕರದ್ರ ಆ ಮನಶ್ಯಾ ಬರಬೇಕು, ಬರಲಿಲ್ಲಂದ್ರ ಅವನ ಮ್ಯಾಲೆ ವಾರಂಟ್ ಹೊಂಡತೈತಿ. ಅಂಥಾ ಕೂಗನ್ನ ನಾ ಚ್ಯಾಷ್ಟಿಗೆ ಹೆಂಗ ಕೂಗ್ಲಿ?"

ನನಗೆ ಮೊದಲು ರೇಗಿತು, ಆಮೇಲೆ ಗೌರವ ಹುಟ್ಟಿತು, ಎಲ್ಲದರ ಕೊನೆಗೆ ಒಂದು ವಿಚಾರ ತಲೆಗೆ ಹೊಕ್ಕಿತು. ಈ ಮನುಷ್ಯ ಬಿದ್ದದ್ದೆಲ್ಲ ಕೋರ್ಟಿನಲ್ಲಿ. ಮನೆಯಲ್ಲಿ ಬಿದ್ದಿಲ್ಲ, ಸಂತೆಯಲ್ಲಿ ಬಿದ್ದಿಲ್ಲ, ನನ್ನ ಮುಂದೆ ಓಡಿದಾಗಲೂ ಬೀಳಲಿಲ್ಲ. ನಾನು ಇಷ್ಟು ದಿನ ಪರೀಕ್ಷೆ ಮಾಡಿದ್ದು ಧೋತರ ಉಟ್ಟ ಒಬ್ಬ ಗೃಹಸ್ಥನನ್ನು. ಬೀಳುವವನು ಪಟ್ಟೇವಾಲಾ. ಅವನನ್ನು ನಾನು ಒಮ್ಮೆಯೂ ಕೇಳಿಲ್ಲ. ಕೋರ್ಟಿನ ಕೆಲಸದಲ್ಲೇ, ನಿಜವಾದ ಕೇಸಿಗೆ, ನಿಜವಾದ ಹೆಸರು ಕೂಗುವಾಗಲೇ ಪಟ್ಟಿ ಕಟ್ಟಬೇಕು.

ಡಾಕ್ಟರರು ಒಪ್ಪಲಿಲ್ಲ. "ಬಿದ್ದ ಏನರ ಆದ್ರ? ಅವನನ್ನ ಬೀಳಸಾಕ ನಾವು ಕುಂತೇವೇನ್ರಿ?" ಎಂದರು. ಉತ್ತರ ಕೊಟ್ಟವರು ಪಟ್ಟೇವಾಲಾ. "ಹೆಂಗೂ ಬೀಳಾಕತ್ತೇನ್ರಿ ಸಾಹೇಬ್ರ. ಒಂದ ಸಲ ನಿಮ್ಮ ಮುಂದ ಬೀಳ್ತೇನಿ." ಆದರೆ ಸರಕಾರದ ಪಟ್ಟಾ, ನನ್ನ ಪಟ್ಟಿ ಎರಡನ್ನೂ ಒಟ್ಟಿಗೆ ಧರಿಸಲು ನ್ಯಾಯಾಧೀಶರ ಬಾಯಿಂದಲೇ ಅಪ್ಪಣೆ ಆಗಬೇಕು ಎಂದು ಹಠ ಹಿಡಿದರು. ನ್ಯಾಯಾಧೀಶರು ಮಿತಭಾಷಿ. ನನ್ನ ಡಬ್ಬಿಯನ್ನು ತಿರುವಿ ನೋಡಿ, "ಇದು ನನ್ನ ಕೋರ್ಟಿನಲ್ಲಿ ಸದ್ದು ಮಾಡುತ್ತದೆಯೇ?" ಎಂದಷ್ಟೇ ಕೇಳಿದರು. ಇಲ್ಲವೆಂದೆ. ಪಟ್ಟೇವಾಲಾನನ್ನು ಕರೆಸಿ, ಕಟ್ಟಿಕೊ ಎಂದರು.

ಇನ್ನೊಂದು ವಿಘ್ನ ಕೋರ್ಟಿನ ಹಿಂದಿನ ಹಿಟ್ಟಿನ ಗಿರಣಿ. ಹಿಂದಿನ ದಿನ ಹೋಗಿ ಹೆಡ್‌ಫೋನು ಹಾಕಿಕೊಂಡರೆ ಗಿರಣಿಯ ಮೋಟಾರಿನ ಕಿಡಿ ಕಿವಿಯಲ್ಲಿ ಚಟಪಟ ಹುರಿಯಿತು. ಅದರ ನಡುವೆ ಎದೆಬಡಿತ ಹುಡುಕುವುದು ಸಾಧ್ಯವೇ ಇರಲಿಲ್ಲ. ಗಿರಣಿಯ ಮಾಲಕನಿಗೆ ಕೈ ಮುಗಿದು, ನಾಳೆ ಕೋರ್ಟು ಕೂತ ಮೇಲೆ ಸ್ವಲ್ಪ ಹೊತ್ತು ಬಂದ್ ಇಡಿ ಎಂದೆ. ಜೋಳದ ಬುಟ್ಟಿ ಹಿಡಿದು ನಿಂತ ಹೆಂಗಸರು ನನ್ನನ್ನು ಬಾಯಿಗೆ ಬಂದಂತೆ ಆಡಿಕೊಂಡರು. ಪಟ್ಟೇವಾಲಾನ ಸಲುವಾಗಿ ಎಂದು ತಿಳಿದ ಮೇಲೆ ಸುಮ್ಮನಾದರು.

ಆ ದಿನ ಡಾಕ್ಟರರು ಪಡಸಾಲೆಯ ಕಂಬದ ಹತ್ತಿರ, ಬಿದ್ದರೆ ಹಿಡಿಯುವಂತೆ ನಿಂತರು. ಪೊಲೀಸನೊಬ್ಬನನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡರು. ಕೋಟಿನ ಒಳಗೆ ನಾನೇ ಪಟ್ಟಿ ಬಿಗಿದಿದ್ದೆ. ಅದರ ಮೇಲೆ ಅವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿ, ಕೊನೆಗೆ ಗದ್ದ ಎತ್ತಿ ಕೊರಳಿನ ಕೊಂಡಿ ಸಿಕ್ಕಿಸಿದರು. ನನ್ನ ಜಾಗ ಕೋರ್ಟಿನ ಹಿಂಬದಿ, ಗೋಡೆಯ ಆಚೆ. ಅಲ್ಲಿಂದ ಏನೂ ಕಾಣುವುದಿಲ್ಲ. ಉರುಳೆಗೆ ಕೀಲಿ ಕೊಟ್ಟು ಕೂತೆ.

ಮೊದಲ ಕೇಸು. ಗೋಡೆಯ ಆಚೆಯಿಂದ ಕೂಗು ಹೆಡ್‌ಫೋನನ್ನೂ ದಾಟಿ ಬಂತು. ಟಕ್ ಟಕ್ ಚುರುಕಾಗಿ, ಮತ್ತೆ ತನ್ನ ನಡಿಗೆಗೆ ಇಳಿಯಿತು. ಎರಡನೆಯ ಕೇಸಿಗೂ ಹಾಗೆಯೇ. ಮೂರನೆಯ ಕೇಸಿನ ಪ್ರತಿವಾದಿ ಒಂದು ಕೂಗಿಗೆ ಬರಲಿಲ್ಲ. ಎರಡನೆಯ ಕೂಗಿಗೂ ಬರಲಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡ ಕೂಗು, ಹೆಸರು ಮುಗಿದು "ಹಾಜರ್..." ಎಂದು ಎಳೆಯುತ್ತಿದ್ದಂತೆ ನನ್ನ ಕಿವಿಯಲ್ಲಿ ಏನೂ ಇಲ್ಲವಾಯಿತು.

ನನ್ನ ಕೈ ತಾನಾಗಿ ಬ್ಯಾಟರಿಯತ್ತ ಹೋಯಿತು. ಸೆಲ್ಲು ಸಡಿಲಾಗಿದೆ ಎಂದುಕೊಂಡೆ. ಅದುಮಿದೆ. ತಂತಿ ಅಲುಗಿಸಿದೆ. ರಿಸೀವರು ಸರಿಯಾಗಿತ್ತು, ಅದರ ಸಣ್ಣ ಹಿಸ್ಸೆಂಬ ಸದ್ದು ಇತ್ತು. ಉರುಳೆ ತಿರುಗುತ್ತಲೇ ಇತ್ತು, ಸೂಜಿ ಕದಲಲಿಲ್ಲ. ಮಸಿಯ ಮೇಲೆ ಒಂದು ಗೀರೂ ಇಲ್ಲದ ಕಪ್ಪು ಬೆಳೆಯುತ್ತ ಹೋಯಿತು. ತಿಂಗಳುಗಟ್ಟಲೆ ನಾನು ಬೇಡಿಕೊಂಡದ್ದು ಅದನ್ನೇ. ಈಗ ಗೋಡೆಯ ಆಚೆ ಒಬ್ಬ ಮನುಷ್ಯನ ಎದೆ ನಿಂತಿದೆ, ಅದು ಗೊತ್ತಿರುವವನು ಊರಿಗೆಲ್ಲ ನಾನೊಬ್ಬನೇ. ಅಂಥ ಒಂಟಿತನವನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಹೆಡ್‌ಫೋನು ಕಿತ್ತೆಸೆದು ಓಡಬೇಕೆನಿಸಿತು, ಬದಲಿಗೆ ಅದನ್ನೇ ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದೆ. "ಹೊಡಿ, ಹೊಡಿ" ಎಂದು ಬಾಯಿಬಿಟ್ಟೇ ಹೇಳುತ್ತಿದ್ದೆನಂತೆ. ಗಿರಣಿಯ ಹೆಂಗಸರು ಆಮೇಲೆ ಹೇಳಿದರು.

ಟಕ್. ಬಹಳ ಹೊತ್ತಿನ ಮೇಲೆ ಮತ್ತೊಂದು. ಆಮೇಲೆ ಒಂದರ ಹಿಂದೆ ಒಂದು ಬಂದವು.

ಪಡಸಾಲೆಗೆ ಓಡಿದಾಗ ಪೊಲೀಸನ ತೋಳಲ್ಲಿ ಅವರು ಕಣ್ಣು ಬಿಡುತ್ತಿದ್ದರು. ಡಾಕ್ಟರರ ಕೈ ಇನ್ನೂ ಅವರ ಕೊರಳಿನ ಮೇಲಿತ್ತು. ಕೊಂಡಿ ಬಿಚ್ಚಿತ್ತು.

"ನಾ ನೋಡಿದೆ," ಎಂದರು ಡಾಕ್ಟರರು. "ಕೂಗೂ ಮುಂದ ಎಡಕ್ಕ ಹೊಳ್ಳಿ, ಗೋಣ ಎತ್ತಿದಾ. ಆ ಕಾಲರು ಗಂಟಲಕ್ಕ ಹೆಂಗ ಒತ್ತಿತ್ತಂದ್ರ, ಇಲ್ಲಿ ಗೆರಿ ಮೂಡೈತಿ ನೋಡ್ರಿ. ನಿಮ್ಮ ಕಾಗದದಾಗ ಏನೈತಿ?"

ಮಸಿಯ ಕಾಗದ ಬಿಚ್ಚಿ ತೋರಿಸಿದೆ. ಸಂಜೆ ಡಾಕ್ಟರರು ದವಾಖಾನೆಯಲ್ಲಿ ಪಟ್ಟೇವಾಲಾನನ್ನು ಮಲಗಿಸಿ, ಪಟ್ಟಿ ಕಟ್ಟಿ, ಕೊರಳಿನ ಬಲಬದಿಯ ಒಂದು ಜಾಗವನ್ನು ಹೆಬ್ಬೆರಳಿನಿಂದ ಹಗುರಾಗಿ ಒತ್ತಿದರು. ಬಡಿತ ನಿಂತಿತು. ಬೆರಳು ತೆಗೆದರು, ಬಂತು. ಕೊರಳಿನ ರಕ್ತನಾಳದ ಆ ಜಾಗ ಕೆಲವರಲ್ಲಿ ವಯಸ್ಸಾದಂತೆ ಅತಿ ಸೂಕ್ಷ್ಮವಾಗುತ್ತದೆ, ಅದುಮಿದರೆ ಹೃದಯಕ್ಕೆ ನಿಲ್ಲು ಎಂಬ ಆಜ್ಞೆ ಹೋಗುತ್ತದೆ ಎಂದು ವಿವರಿಸಿದರು. ಹುಬ್ಬಳ್ಳಿಯಲ್ಲಿ ಪಟ ತೆಗೆದಾಗ ಕೋಟು ಗೂಟಕ್ಕೆ ನೇತಾಡುತ್ತಿತ್ತು. ನನ್ನ ಪರೀಕ್ಷೆಗಳಲ್ಲಿ ಅದು ಅವರ ಮನೆಯಲ್ಲಿತ್ತು. ಹೋದ ವರ್ಷ ಬಂದ ಹೊಸ ಕೋಟಂತೆ ಅದು. ಕಾಲರಿಗೆ ದಪ್ಪ ಅಸ್ತರು, ಅದರ ಮೇಲೆ ಮನೆಯಾಕೆ ಸರಕಾರದ ಬಟ್ಟೆ ಎಂದು ಮುತುವರ್ಜಿಯಿಂದ ಹಾಕಿದ ಗಂಜಿ.

ಮೂರ್ಛೆರೋಗವಲ್ಲ ಎಂದು ಡಾಕ್ಟರರು ಬರೆದರು, ಮಸಿಯ ಕಾಗದದ ತುಂಡನ್ನು ಜೊತೆಗೆ ಅಂಟಿಸಿದರು. ಕಾಲರಿನ ಕೊಂಡಿ ತೆಗೆದು, ಮುಂಭಾಗದ ಬಟ್ಟೆಯನ್ನು ನಾಲ್ಕು ಬೆರಳಗಲ ಕತ್ತರಿಸಿ ಹೊಲಿಸಿಕೊಳ್ಳಲು ಮೇಲಿನ ಅಪ್ಪಣೆ ಬರುವತನಕ ನ್ಯಾಯಾಧೀಶರು ಅವರನ್ನು ಕೊರಳು ತೆರೆದೇ ಕೂಗಲು ಬಿಟ್ಟರು. ಮೊದಮೊದಲು ಪಟ್ಟೇವಾಲಾ ನಾಚಿಕೊಂಡು ಕೊರಳ ಮೇಲೆ ಕೈ ಇಟ್ಟುಕೊಂಡೇ ಹೊರಗೆ ಬರುತ್ತಿದ್ದರು. ಆಮೇಲೆ ಬೀಳಲಿಲ್ಲ.

ನಾನು ವರದಿ ಬರೆದು ಕಳಿಸಿದೆ. ಸಮಿತಿಯ ಉತ್ತರ ದೀಪಾವಳಿ ಕಳೆದ ಮೇಲೆ ಬಂತು. ಉಪಕರಣ ಕೆಲಸ ಮಾಡುತ್ತದೆ ಎಂಬುದನ್ನು ಒಪ್ಪಿದ್ದರು. ಆದರೆ ಒಂದು ಕಾಲರು ಸಡಿಲಿಸುವ ಚಿಕಿತ್ಸೆಗೆ ಪರದೇಶದ ಸಾಮಾನು ಖರ್ಚು ಮಾಡುವ ಯೋಜನೆಯನ್ನು ಮುಂದುವರಿಸಲು ಈಗಿನ ಪರಿಸ್ಥಿತಿಯಲ್ಲಿ ಕಾರಣ ಕಾಣುವುದಿಲ್ಲ, ಸಾಮಗ್ರಿಗಳನ್ನು ಹಿಂತಿರುಗಿಸತಕ್ಕದ್ದು. ಪ್ರೊಫೆಸರರು ಕೆಳಗೆ ಎರಡು ಸಾಲು ಸೇರಿಸಿದ್ದರು, ಸಮಾಧಾನದ್ದು. ಓದಿ ಬಹಳ ದುಃಖವಾಯಿತು. ಅದನ್ನು ಹೇಳಿಕೊಳ್ಳಲು ಖೋಲಿಯಲ್ಲಿ ಗೋಡೆಗಳಿದ್ದವು.

ಹೊರಡುವ ಹಿಂದಿನ ದಿನ ರವಿವಾರ. ಪೆಟ್ಟಿಗೆ ತುಂಬುತ್ತಿದ್ದಾಗ ಪಟ್ಟೇವಾಲಾ ರೊಟ್ಟಿಯ ಗಂಟು ಹಿಡಿದು ಬಂದರು. ಕೂತು, ನಾನು ಹೆಡ್‌ಫೋನಿನ ತಂತಿ ಸುತ್ತುವುದನ್ನು ನೋಡಿದರು.

"ಇಷ್ಟ ದಿನಾ ನನ್ನ ಎದಿ ಕೇಳಿದ್ರಿ. ನಿಮ್ಮದು ಯಾರ ಕೇಳ್ಯಾರ್ರಿ?"

"ಬೆಂಗಳೂರಾಗ ಮಾಡೂ ಮುಂದ ನಾನ ಕಟಗೊಂಡು ನಾನ ಕೇಳೇನಿ."

"ತಮ್ಮದು ತಾವ ಕೇಳಿದ್ರ ಏನ ಬಂತ್ರಿ? ಕಟಗೋರಿ. ನಾ ಕೇಳ್ತೇನಿ."

ಬೇಡವೆಂದೆ. ಅವರು ಪೆಟ್ಟಿಗೆಯಿಂದ ಪಟ್ಟಿ ಎತ್ತಿ, ನಾನು ಅವರಿಗೆ ಕಟ್ಟುತ್ತಿದ್ದ ಹಾಗೆಯೇ ನನ್ನ ಎದೆಗೆ ಬಿಗಿದರು. ಕೆರೆಯ ಏರಿಯ ತುದಿಯಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡು, ನಡೀರಿ ಎಂದು ಕೈ ಮಾಡಿದರು. ನಾನು ನಡೆದೆ. ಹಿಂದೆ ಏನೂ ಸದ್ದಿಲ್ಲ. ಕೇಳುತ್ತಿದೆಯೋ ಇಲ್ಲವೋ, ಅವರು ಸುಮ್ಮನೆ ಕೂತಿದ್ದಾರೋ ಎಂದು ಸಂಶಯ ಬಂತು. ನೀರಿನ ಮೇಲಿಂದ ಗಾಳಿ ಬೀಸುತ್ತಿತ್ತು, ಬಹಳ ದೂರ ಬಂದುಬಿಟ್ಟಿದ್ದೆ.

ಆಗ ಏರಿಯುದ್ದಕ್ಕೂ ಆ ಕೂಗು ಬಂತು, ಕೋರ್ಟಿನಲ್ಲಿ ಕೂಗುವ ಅದೇ ತುಂಬು ದನಿ. "ಕೇಳಸಾಕತ್ತೈತ್ರೀ... ನೀವು ಅದೀರ್ರೀ...!"

ನನ್ನ ಯಂತ್ರದ ಅಳವು ನನಗೆ ಗೊತ್ತು. ಅಲ್ಲಿಂದ ಇನ್ನು ಸ್ವಲ್ಪ ಮುಂದೆ ಹೋದರೆ ಸದ್ದು ಹರಿದುಹೋಗುತ್ತದೆ. ನಾನು ಅಲ್ಲಿಯೇ ನಿಂತುಕೊಂಡೆ.